ಬರೆದುಕೊಳ್ಳುವಷ್ಟು ನಿಧಾನವಾಗಿ

ನನ್ನ ಜೊತೆಗಾತಿ ಚರ್ಚಾಸ್ಪರ್ಧೆಯಲ್ಲಿ ನಕ್ಸಲರ ಪರ ಮಾತಾಡಿ ಪೊಲೀಸ್ ಕೆಲಸ ಕಳೆದುಕೊಂಡಳು ಎಂದು ಕೊಪ್ಪದಲ್ಲಿ ಈಗಲೂ ಹೇಳುತ್ತಾರೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಅವಳು ಆ ದಿನ ನಕ್ಸಲರ ಹೆಸರನ್ನೇ ಎತ್ತಲಿಲ್ಲ. ಕೆಲಸ ಕೊಡುವುದಿಲ್ಲ ಎಂದೂ ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಮೇಲಿನವರಿಗೊಂದು ಅರ್ಜಿಯನ್ನಾದರೂ ಹಾಕಬಹುದಿತ್ತು. 'ಪರಿಶೀಲನೆಯಲ್ಲಿದೆ' ಎಂದರು, ಅಷ್ಟರಲ್ಲಿ ಆಯ್ಕೆಯಾದ ಉಳಿದವರೆಲ್ಲ ತರಬೇತಿಗೆ ಹೋದರು. 'ಪರಿಶೀಲನೆಯಲ್ಲಿದೆ' ಎಂಬುದರ ವಿರುದ್ಧ ವಾದ ಮಾಡುವುದು ಹೇಗೆಂದು ನಮ್ಮ ಲೆಕ್ಚರರು ಕಲಿಸಿರಲಿಲ್ಲ.

ನಕ್ಸಲರನ್ನು ಹುಡುಕುತ್ತ ಪೊಲೀಸರು ಕಾಡು ಸುತ್ತುತ್ತಿದ್ದ ವರ್ಷಗಳವು. ಅವಳದು ಶೃಂಗೇರಿ ಹತ್ತಿರದ ಕಾಡಂಚಿನ ಊರು ನೆಮ್ಮಾರು, ಓದುತ್ತಿದ್ದುದು ನನ್ನ ಜೊತೆ ಕೊಪ್ಪದ ಕಾಲೇಜಿನಲ್ಲಿ. ಕಾನ್‌ಸ್ಟೇಬಲ್ ಹುದ್ದೆಗೆ ಓಡಿ, ಜಿಗಿದು, ಪರೀಕ್ಷೆ ಬರೆದು ಪಾಸಾಗಿದ್ದಳು. ಶೃಂಗೇರಿ ಠಾಣೆಯಿಂದ ಅವಳ ನಡತೆ ಚೆನ್ನಾಗಿದೆ ಎಂಬ ವರದಿ ಹೋಗುವುದೊಂದು ಬಾಕಿ. ಆ ನಡುವೆ ಶೃಂಗೇರಿಯಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆ ಬಂತು. ವಿಷಯ: ದೇಶದ ಭದ್ರತೆಗಾಗಿ ವಾಕ್ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಬೇಕು.

ಪ್ರತಿ ಕಾಲೇಜಿನಿಂದ ಇಬ್ಬರು, ಒಬ್ಬರು ಪರ, ಒಬ್ಬರು ವಿರೋಧ. ಒಂದೇ ಕಡೆ ಮಾತಾಡಿದರೆ ಕತ್ತು ಒಂದೇ ಕಡೆ ತಿರುಗಿ ನಿಲ್ಲುತ್ತದೆ ಎಂದು ನಮ್ಮ ಲೆಕ್ಚರರು ಪ್ರತಿ ಸ್ಪರ್ಧೆಗೂ ನಮ್ಮನ್ನು ಅದಲುಬದಲು ಮಾಡುತ್ತಿದ್ದರು. ಶೃಂಗೇರಿಯಲ್ಲಿ ಅವಳ ಪಾಲಿಗೆ ವಿರೋಧ, ನನ್ನ ಪಾಲಿಗೆ ಪರ. ನಾವು ಏನು ನಂಬುತ್ತೇವೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಇಬ್ಬರೂ ತಡವರಿಸುತ್ತಿದ್ದೆವು.

ಸ್ಪರ್ಧೆ ಮುಗಿದು ಕ್ಯಾಂಟೀನಿನಲ್ಲಿ ಕೂತಿದ್ದಾಗ, ಹಿಂದಿನ ಸಾಲಿನಲ್ಲಿ ಮಫ್ತಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಶೃಂಗೇರಿ ಠಾಣೆಯ ಪೇದೆಯೊಬ್ಬರು ಬಂದು ಎದುರಿಗೆ ಕೂತರು. ಭಂಡಿಗಡಿ ಕಡೆಯವರು, ಬೆವರು ಒರೆಸಿಕೊಳ್ಳುತ್ತಿದ್ದರು.

"ಎಂತ ಮಾರಾಯ್ತಿ, ಬಸ್ಸು ಬಿಟ್ಟ ಹಾಗೆ ಮಾತಾಡಿದ್ರೆ ಬರ್ಕಳದು ಹೆಂಗೆ? ಅರ್ಧ ತಪ್ಪಿಹೋಯ್ತು. ಇನ್ನೊಂದ್ಸಲ ನಿಧಾನ ಹೇಳು."

ಅವಳು ಹೇಳಿದಳು. ಇದೂ ಆಯ್ಕೆಯ ಒಂದು ಸುತ್ತು ಇರಬೇಕೆಂದುಕೊಂಡಳೋ ಏನೋ, ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದಳು. "ನನ್ನೂರಲ್ಲಿ ಈಗ ಯಾರ ಮನೆಗೆ ಯಾರು ಬಂದರು ಎಂದು ಹೇಳುವುದಕ್ಕೂ ಜನ ಹೆದರುತ್ತಾರೆ. ಹೆದರಿ ಬಾಯಿ ಮುಚ್ಚಿದ ಊರಿನಿಂದ ಪೊಲೀಸರಿಗೆ ಸುದ್ದಿ ಸಿಗುವುದಾದರೂ ಹೇಗೆ?"

ಪೇದೆ ಪೆನ್ನು ನಿಲ್ಲಿಸಿದರು. "ಹೇಗೆ?"

"ಅದು ಸಭೆಗೆ ಕೇಳೋ ಪ್ರಶ್ನೆ ಸಾರ್. ಉತ್ತರ ಇಲ್ಲ."

"ಉತ್ತರ ಕೊಡಲಿಲ್ಲ ಅಂತ ಬರೀಲಾ?"

ನನಗೆ ಸುಮ್ಮನಿರಲಾಗಲಿಲ್ಲ. "ನನ್ನ ಭಾಷಣ ಬೇಡ್ವಾ ಸಾರ್?"

"ನೀ ಪರ ಅಲ್ವಾ ಮಾರಾಯ. ಪರದ್ದು ಬರ್ಕಳಕ್ಕೆ ಹೇಳಿಲ್ಲ."

ಜನರ ಬಾಯಿ ಕಟ್ಟಬೇಕೆಂದು ವಾದಿಸಿದ ನನ್ನ ಬಾಯಿಗೆ ಯಾವ ಅಡ್ಡಿಯೂ ಇರಲಿಲ್ಲ, ಅದರೊಳಗೆ ಗೋಳಿಬಜೆ ಇತ್ತು. ಅದಲುಬದಲಿನ ಪದ್ಧತಿಯನ್ನು ಅವರಿಗೆ ಬಿಡಿಸಿ ಹೇಳಿದೆ. ಮುಂದಿನ ಸ್ಪರ್ಧೆ ನರಸಿಂಹರಾಜಪುರದಲ್ಲಿ, ವಿಷಯ ಇದೇ, ಅಲ್ಲಿ ಇವಳು ಪರ, ನಾನು ವಿರೋಧ ಎಂದೆ.

"ಹೌದಾ? ಹಂಗಾರೆ ಅಲ್ಲಿ ನಿಂದು ಬರ್ಕಳ್ತೆ," ಎಂದರು ಸಮಾಧಾನದಿಂದ.

ವರದಿ ಏಕೆ ಹೋಗಿಲ್ಲವೆಂದು ಕೇಳಲು ನಾವಿಬ್ಬರೂ ಠಾಣೆಗೆ ಹೋದಾಗ ಸಾಹೇಬರು ಒಳ್ಳೆಯ ಮಾತನ್ನೇ ಆಡಿದರು. ಫೈಲಿನಲ್ಲಿ ಒಂದು ವಿರೋಧದ ಭಾಷಣ ಇದೆ. ಪರದ್ದೂ ಒಂದು ಸೇರಲಿ, ಸರಿಹೋಗುತ್ತದೆ. ಆದರೆ ಅದು ನಮ್ಮ ಠಾಣೆಯವರೇ ಕೇಳಿ ಬರೆದುಕೊಂಡದ್ದಾಗಬೇಕು ಎಂದರು.

ಹಾಗಾಗಿ ನರಸಿಂಹರಾಜಪುರಕ್ಕೆ ಹೊರಟಾಗ ಅವಳಿಗೆ ಬಹುಮಾನಕ್ಕಿಂತ ಪೇದೆ ಮುಖ್ಯವಾಗಿದ್ದರು. ಪೊಲೀಸರು ಬರೆದುಕೊಳ್ಳುತ್ತಾರೆಂಬ ಸುದ್ದಿ ಎಲ್ಲ ಕಾಲೇಜುಗಳಿಗೂ ಮುಟ್ಟಿತ್ತು. ವಿರೋಧದವರು ಒಬ್ಬೊಬ್ಬರಾಗಿ ಎದ್ದು, ತಾವು ಈ ವಿಷಯವನ್ನು ವಿರೋಧಿಸುವುದಾಗಿಯೂ ಆದರೆ ಪೂರ್ತಿ ಒಪ್ಪುವುದಾಗಿಯೂ ಹೇಳಿ ಕೂತರು. ತೀರ್ಪುಗಾರರು ಯಾರಿಗೆ ಅಂಕ ಕೊಡುವುದೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ದಪ್ಪ ಮೀಸೆಯವನೊಬ್ಬ ಏನೋ ಗೀಚುತ್ತಿದ್ದ. ಅವನತ್ತ ಕಣ್ಣು ಹೋದವರೆಲ್ಲ ದೇಶಕ್ಕೊಂದು ಜೈ ಸೇರಿಸುತ್ತಿದ್ದರು. ಆಮೇಲೆ ವಿಚಾರಿಸಿದರೆ ಅವನು ಶಾಮಿಯಾನದವನು, ಕುರ್ಚಿ ಎಣಿಸುತ್ತಿದ್ದ.

ನಮ್ಮ ಪೇದೆ ಬಂದಿರಲೇ ಇಲ್ಲ. ಯಾರೋ ಮಂತ್ರಿ ಶೃಂಗೇರಿಗೆ ಬಂದಿದ್ದರಿಂದ ಬಂದೋಬಸ್ತಿಗೆ ಹಾಕಿದ್ದರಂತೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ದೇಶಕ್ಕೆ ಏನೂ ಆಗಲಿಲ್ಲ. ಅವಳು ಕಡಿವಾಣ ಬೇಕೇ ಬೇಕೆಂದು ಸಾಧಿಸಿ ಮೊದಲ ಬಹುಮಾನ ಗೆದ್ದಳು, ಮಾರನೆಯ ದಿನ ಶೀಲ್ಡನ್ನು ಎದೆಗವಚಿಕೊಂಡು ಠಾಣೆಗೆ ಹೋದಳು. ಸಾಹೇಬರು ಶೀಲ್ಡನ್ನು ತಿರುಗಿಸಿ ನೋಡಿದರು. "ನೀನು ಎಂತ ಮಾತಾಡಿದೆ ಅಂತ ಇದರಲ್ಲಿ ಎಲ್ಲಿದೆ?"

ಉಳಿದದ್ದು ಒಂದೇ ದಾರಿ. ಶೃಂಗೇರಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಪೇದೆಯನ್ನು ಕರೆತಂದು ಕೂರಿಸಿದೆವು. ತರಬೇತಿಗೆ ಹೊರಡುವ ದಿನ ಹತ್ತಿರವಾಗಿತ್ತು. ಕೊಪ್ಪದ ಬಸ್ಸಿನ ಏಜೆಂಟ್ ಹೊರಗೆ ಕೂಗುತ್ತಿದ್ದ. ಅವಳು ಟೇಬಲ್ಲಿನ ಮೇಲೆ ಶೀಲ್ಡ್ ಇಟ್ಟುಕೊಂಡು, ದೇಶ ಉಳಿದರೆ ತಾನೇ ಮಾತು ಉಳಿಯುವುದು ಎಂದು, ಒಂದೊಂದು ಪದ ಬಿಡಿಸಿ, ಬರೆದುಕೊಳ್ಳುವಷ್ಟು ನಿಧಾನವಾಗಿ ಹೇಳಿದಳು. ಪಕ್ಕದ ಟೇಬಲ್ಲಿನ ಯಾತ್ರಿಕರು ಪ್ರವಚನವೆಂದುಕೊಂಡು ಕೈಮುಗಿದರು.

ಪೇದೆ ಎರಡು ಸಾಲು ಬರೆದರು. ಆಮೇಲೆ ಬರೆಯುವುದು ನಿಂತಿತು.

"ಎಂತ ಆಯ್ತು ಸಾರ್?" ಎಂದೆ.

"ಇದು ಅಷ್ಟು ಹಿಡಿಸ್ತಿಲ್ಲ ಮಾರಾಯ." ದನಿ ತಗ್ಗಿಸಿ ಅವಳ ಕಡೆ ಬಾಗಿದರು. "ಮೊದಲ್ನೇದು ನೀ ಹೇಳಿದ್ದಿಯಲ್ಲ, ಅದೇ ಚೆನ್ನಾಗಿತ್ತು. ಹೆದರಿದ ಊರಲ್ಲಿ ಸುದ್ದಿ ಸಿಗಲ್ಲ ಅಂತ. ಸತ್ಯ ಅದು. ನಾ ದಿನಾ ಸುತ್ತಿ ಬರ್ತೆ, ನನ್ ಹತ್ರ ಒಬ್ರೂ ಎಂತದೂ ಹೇಳದಿಲ್ಲ."

ಅವಳು ಅವರ ಮುಖವನ್ನೇ ನೋಡಿದಳು. ಆಮೇಲೆ ಅವರ ಕೈಯ ಪೆನ್ನನ್ನು ನೋಡಿದಳು.

"ಸಾರ್," ಎಂದಳು, "ನೀವೀಗ ಹೇಳಿದ್ದನ್ನ ಯಾರು ಬರ್ಕಳದು?"