ಪೂಜೆ ಆಗಿಲ್ಲ, ಊಟ ಬೇಡ

ಹೋದ ಭಾನುವಾರ ನಮ್ಮ ವೀರಣ್ಣ ಕ್ರೈಸ್ತರ ಮನೆಯ ಪಡಸಾಲೆಯಲ್ಲಿ ಕೂತು ಲಿಂಗಪೂಜೆ ಮಾಡಿದ. (ಇನ್ನೊಮ್ಮೆ ಓದಿಕೊಳ್ಳಿ. ಬರೆದದ್ದು ಸರಿಯಾಗಿಯೇ ಇದೆ.)

ವೀರಣ್ಣ ನನ್ನ ಚಿಕ್ಕಮ್ಮನ ಮಗ. ಹುಮನಾಬಾದಿನಲ್ಲಿ ದನದ ಹಿಂಡಿ, ಹೊಟ್ಟಿನ ಅಂಗಡಿ ಇದೆ. ಮಕ್ಕಳಿಲ್ಲ. ಹೆಂಡತಿ ಗೌರಿ ತೀರಿಕೊಂಡು ವರ್ಷ ಕಳೆಯಿತು. ವಾರವೆಲ್ಲ ಹುಡಗಿ, ಹಳ್ಳಿಖೇಡ ಊರುಗಳ ಗಿರಾಕಿಗಳ ಜೊತೆ ವಾದ ಮಾಡಿಕೊಂಡು ಸರಿಯಾಗಿಯೇ ಇರುತ್ತಾನೆ. ಭಾನುವಾರ ಅಂಗಡಿ ಶಟರ್ ಇಳಿಸಿದ ಅಂದರೆ ಮುಗಿಯಿತು. ಮನೆ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾನೆ. ಒಲೆ ಹಚ್ಚುವುದಿಲ್ಲ. ಉಂಡೆಯೇನೋ ಎಂದು ಫೋನಿನಲ್ಲಿ ಕೇಳಿದರೆ ಉಂಡೆ ಅನ್ನುತ್ತಾನೆ. ದನಿ ಕೇಳಿದರೇ ಗೊತ್ತಾಗುತ್ತದೆ, ಸುಳ್ಳು. ಈಚೆಗೆ ಇನ್ನೊಂದು ಮಾತು ಶುರುಮಾಡಿದ್ದ. ‘ಯಾರ ಸಲುವಾಗಿ ಉಣ್ಣಬೇಕು ಅಕ್ಕಾ?’

ಇಂಥ ಮಾತು ಕೇಳಿ ಯಾರಿಗೆ ನಿದ್ದೆ ಬಂದೀತು?

ಹೋದ ಭಾನುವಾರ ಫೋನೂ ಸ್ವಿಚ್ಡ್ ಆಫ್. ಹೋಳಿಗೆ ಡಬ್ಬಿ ಹಿಡಿದು ಬಸವಕಲ್ಯಾಣದಲ್ಲಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಬರಬಾರದ ಯೋಚನೆಗಳೇ ಬಂದವು. ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಭಾನುವಾರ ಇವನು ಹೊರಗೆ ಹೋದದ್ದೇ ಇಲ್ಲವಲ್ಲ, ಎಲ್ಲಿ ಹೋದ? ಎರಡು ಸಲ ಅವನ ಹೆಸರು ಹಿಡಿದು ಕೂಗಿದೆ.

ಪಕ್ಕದ ಮನೆಯ ರೂತಮ್ಮ ಹೊರಗೆ ಬಂದರು. ಹೊಲಿಗೆ ಕೆಲಸ ಮಾಡುವ ಹೆಂಗಸು, ಚರ್ಚಿಗೆ ಹೋಗಿ ಬಂದ ಸೀರೆಯಲ್ಲೇ ಇದ್ದರು. ‘ಇಲ್ಲೇ ಅದಾರ್ರಿ, ಪೂಜಾಕ್ಕ ಕುಂತಾರ. ಸಪ್ಪಳ ಮಾಡಬ್ಯಾಡ್ರಿ, ಒಳಗ ಬರ್ರಿ.’

ಒಳಗೆ ಹೋದೆ. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಸಾರಿಸಿದ ನೆಲ, ಮಣೆ, ಚೊಂಬಿನಲ್ಲಿ ನೀರು. ಮಣೆಯ ಮೇಲೆ ನಮ್ಮ ವೀರಣ್ಣ, ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದ್ದಾನೆ. ಇತ್ತ ರೂತಮ್ಮನ ಗಂಡ ದೇವಪುತ್ರಪ್ಪ ಖಾಲಿ ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದಾರೆ. ಅನ್ನ ಆರುತ್ತಿದೆ.

ಏನಿದು ಕಥೆ? ರೂತಮ್ಮನೇ ಪಿಸುದನಿಯಲ್ಲಿ ಹೇಳಿದರು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಅವರ ಮನೆಯಲ್ಲಿ ಒಂದು ತಟ್ಟೆ ಹೆಚ್ಚು ಹಾಕುತ್ತಾರೆ. ಯಾರಿಗೆ ಎಂದು ಮೊದಲೇ ಗೊತ್ತಿರುವುದಿಲ್ಲ. ಒಬ್ಬಂಟಿಯಾಗಿ ಉಣ್ಣುವವರು ಯಾರು ಕಣ್ಣಿಗೆ ಬೀಳುತ್ತಾರೋ ಅವರಿಗೆ. ಹಾಗೆ ಹಿಂದಿನ ಭಾನುವಾರ ವೀರಣ್ಣನನ್ನೂ ಕರೆದಿದ್ದಾರೆ. ಅವನು, ಪೂಜೆ ಆಗಿಲ್ಲ ಅಂದಿದ್ದಾನೆ.

ಲಿಂಗಪೂಜೆ ಆಗದೆ ಉಣ್ಣಬಾರದೆಂಬುದು ನಮ್ಮಲ್ಲಿ ನೇಮ, ಹಾಗಾಗಿ ನಮ್ಮವರಿಗೆ ಈ ಮಾತು ಚೆನ್ನಾಗಿ ಗೊತ್ತು. ಪೂಜೆ ಆಗಿಲ್ಲ ಅಂದರೆ ‘ನಿಮ್ಮಲ್ಲಿ ಉಣ್ಣುವುದಿಲ್ಲ, ಒತ್ತಾಯ ಬೇಡ’ ಎಂದರ್ಥ. ಕರೆದವರು ಅಲ್ಲಿಗೇ ಬಿಡಬೇಕು. ರೂತಮ್ಮನಿಗೆ ಇದೆಲ್ಲ ಎಲ್ಲಿ ಗೊತ್ತು? ಪಾಪ, ಪೂಜೆಯೇ ತೊಡಕು ಎಂದುಕೊಂಡುಬಿಟ್ಟರು. ಏನೇನು ಬೇಕು ಎಂದು ಅವರಿವರನ್ನು ಕೇಳಿ ವಿಭೂತಿ, ಬಿಲ್ವಪತ್ರೆ ತಂದಿಟ್ಟು, ಅವತ್ತು ಮತ್ತೆ ಬಾಗಿಲು ಬಡಿದರು. ‘ಜಾಗಾ ಹಸನ ಮಾಡೇನ್ರಿ. ಪೂಜಾ ನಮ್ಮಲ್ಲೇ ಮಾಡ್ಕೋರಿ. ಮುಗಿಯೋತನ ನಾವೂ ಉಣ್ಣಂಗಿಲ್ಲ.’

ಈಗ ಏನನ್ನುತ್ತಾನೆ ವೀರಣ್ಣ? ಮನೆಗೆ ಬೀಗ ಹಾಕಿಕೊಂಡು ಅವರ ಹಿಂದೆ ಬಂದಿದ್ದಾನೆ.

ಪೂಜೆ ಬಹಳ ಹೊತ್ತು ನಡೆಯಿತು. ಯಾರೂ ಗಡಿಯಾರ ನೋಡಲಿಲ್ಲ. ಆಮೇಲೆ ದೇವಪುತ್ರಪ್ಪ ತಲೆ ತಗ್ಗಿಸಿ ಎರಡು ಮಾತಿನ ಪ್ರಾರ್ಥನೆ ಮಾಡಿದರು. ಅದರಲ್ಲಿ ಗೌರಿಯ ಹೆಸರೂ ಬಂತು. ವೀರಣ್ಣನಿಗೆ ನೋವಾದೀತೆಂದು ನಾವ್ಯಾರೂ ಅವನೆದುರು ಆ ಹೆಸರು ಎತ್ತುತ್ತಿರಲಿಲ್ಲ. ಅವನು ಕಣ್ಣೊರೆಸಿಕೊಂಡು ಬೇಳೆ, ಪುಂಡಿಪಲ್ಯ, ರೊಟ್ಟಿ ಉಂಡ. ಎರಡನೇ ಸಲ ಕೇಳಿ ಹಾಕಿಸಿಕೊಂಡ. ಹೊಟ್ಟೆ ತಣ್ಣಗಾಯಿತು ನನಗೆ! (ಭಾನುವಾರ ಆ ಮನೆಯಲ್ಲಿ ಮಟನ್ ಆಗುವುದು ವಾಡಿಕೆ. ಅವತ್ತು ಇರಲಿಲ್ಲ. ದೇವಪುತ್ರಪ್ಪನ ಮುಖದಲ್ಲಿ ಆ ಬೇಸರ ಕಾಣುತ್ತಿತ್ತು. ನನ್ನ ಹೋಳಿಗೆ ಬಡಿಸಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡರು.)

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ರೂತಮ್ಮನನ್ನು ಕೇಳಿದೆ. ಪ್ರಶ್ನೆಯೇ ಅವರಿಗೆ ವಿಚಿತ್ರ ಅನ್ನಿಸಿತು. ‘ಯೇಸುಸ್ವಾಮಿ ಯಾರ ಜೋಡಿ ಬೇಕಾದ್ರೂ ಊಟಕ್ಕ ಕುಂದರತಿದ್ರು. ನಾವ್ಯಾಕ ಬಾಗಲಾ ಹಾಕ್ಕೊಂಡು ಉಣ್ಣೋದ್ರಿ?’ ಅಷ್ಟೇ. ಚರ್ಚಿಗೆ ಬನ್ನಿ ಅನ್ನಲಿಲ್ಲ, ಉಪದೇಶ ಮಾಡಲಿಲ್ಲ. ಊಟ ಮುಗಿಯುವವರೆಗೂ ಆಡಿದ ಮಾತೆಂದರೆ, ದೇವಪುತ್ರಪ್ಪನ ಎಮ್ಮೆಗೆ ಯಾವ ಹಿಂಡಿ ಒಳ್ಳೆಯದು ಎಂಬುದು. ವೀರಣ್ಣ ಅದನ್ನು ಉತ್ಸಾಹದಿಂದ ವಿವರಿಸಿದ.

ಸಂಜೆ ಬಸ್ ಸ್ಟ್ಯಾಂಡ್‌ವರೆಗೆ ಬಿಡಲು ಬಂದ. ಪಾಪದ ಹೆಂಗಸಿಗೆ ಸುಳ್ಳು ನೆಪ ಹೇಳಿದ್ದೆಯಲ್ಲೋ ಎಂದು ಛೇಡಿಸಿದೆ. ಅವನು ನಗಲಿಲ್ಲ. ಕೊರಳಲ್ಲಿನ ಲಿಂಗದ ಕರಡಿಗೆ ಮುಟ್ಟಿಕೊಂಡ.

‘ಸುಳ್ಳಲ್ಲ ಅಕ್ಕಾ. ಗೌರಿ ಹೋದ ಮ್ಯಾಲ ಇದನ್ನ ಬಿಚ್ಚೇ ಇದ್ದಿಲ್ಲ. ನೀರು, ಪತ್ರಿ ಎಲ್ಲಾ ಆಕೀನೇ ತಂದಿಡತಿದ್ಲು.’

ಪೂಜೆ ಆಗಿಲ್ಲ ಎಂದು ಅವನು ನಮ್ಮ ಬಳಗದ ಮನೆಗಳಲ್ಲೂ ಹೇಳಿದ್ದ. ಕೇಳಿದವರೆಲ್ಲ ತಲೆಯಾಡಿಸಿ, ಹಾಗಾದರೆ ಇನ್ನೊಮ್ಮೆ ಬಾ ಅಂದಿದ್ದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಮರುದಿನವೇ ನಮ್ಮ ಸೋದರಮಾವನ ಫೋನ್ ಬಂತು. ಅವರ ಮನೆಯೂ ಹುಮನಾಬಾದಿನಲ್ಲೇ, ವೀರಣ್ಣನ ಹಿಂದಿನ ಓಣಿ. ಜಂಗಮರಿಗೆ ಗೊತ್ತಾದರೆ ಏನಂದಾರು, ನಾಳೆ ಚರ್ಚಿಗೂ ಹೊರಟಾನು ಎಂದೆಲ್ಲ ರೇಗಿದರು. ಕೊನೆಗೆ ಕೇಳಿದರು: ‘ನಾವೆಲ್ಲಾ ಇಲ್ಲೇನು? ಅವರ ಮನ್ಯಾಗ ಯಾಕ ಉಂಡ?’

ನಾನೂ ಒಂದೇ ಪ್ರಶ್ನೆ ಕೇಳಿದೆ.

‘ಅವನ ಪೂಜಾ ಮುಗಿಯೋತನ ನಿಮ್ಮ ಮನ್ಯಾಗ ಯಾರು ಹಸಗೊಂಡು ಕುಂತಿದ್ರಿ ಮಾವಾ?’