ನೆರಳಿನ ಕಡೆಯ ಸೀಟು

ಹೋದ ತಿಂಗಳು ಮೊದಲ ಸಲ ವಿಮಾನ ಹತ್ತಿದೆ. (ಖರ್ಚು ಬೇರೆಯವರದು. ಇಲ್ಲದಿದ್ದರೆ ನಾನೆಲ್ಲಿ, ವಿಮಾನವೆಲ್ಲಿ?) ಹೈದರಾಬಾದಿನಿಂದ ಬೊಂಬಾಯಿಗೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು, ಕಿಟಕಿ ಸೀಟು ಎಡಕ್ಕೂ ಇದೆ, ಬಲಕ್ಕೂ ಇದೆ, ಯಾವುದು ಕೊಡಲಿ ಎಂದಳು.

ನಾನು ಗಾಜಿನಾಚೆ ಸೂರ್ಯ ಎಲ್ಲಿದ್ದಾನೆಂದು ನೋಡಿದೆ.

ನಗಬೇಡಿ. ನಮ್ಮ ಸೇಡಂ ಸೀಮೆಯವರು ಕೂರುವ ಮೊದಲು ಮಾಡುವ ಕೆಲಸವೇ ಇದು. ಬಸ್ಸು ಬಂದು ನಿಂತರೆ ಉಳಿದ ಊರಿನವರು ನೇರ ಬಾಗಿಲಿಗೆ ನುಗ್ಗುತ್ತಾರೆ. ನಾವು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿ, ಆಮೇಲೆ ನುಗ್ಗುತ್ತೇವೆ. ಮಧ್ಯಾಹ್ನ ಸೇಡಂನಿಂದ ಚಿಂಚೋಳಿಗೆ ಹೊರಟರೆ ಡ್ರೈವರ್ ಬೆನ್ನಿನ ಸಾಲು. ಎಡಕ್ಕೆ ಕೂತವನು ಹೊಸಬ, ಇಲ್ಲವೇ ಬೀಗರ ಕಡೆಯವನು. ಇಳಿಯುವಷ್ಟರಲ್ಲಿ ಅವನ ಅರ್ಧ ಮುಖ ಹುರಿದಿರುತ್ತದೆ.

ವಿಮಾನ ಪಶ್ಚಿಮಕ್ಕೆ, ಹೊತ್ತು ಮೂರು ಗಂಟೆ, ಬಿಸಿಲು ಎಡಕ್ಕೆ. ಬಲಗಡೆಯದು ಕೊಡಿ ಎಂದೆ.

ಆದರೆ ಅಕ್ಕ ನನಗೆ ಒಂದು ಕೆಲಸ ಹೇಳಿ ಕಳಿಸಿದ್ದಳು. ಅಕ್ಕ ಇರುವುದು ಚಿಂಚೋಳಿ ಹತ್ತಿರದ ಹಳ್ಳಿಯಲ್ಲಿ. ದಿನವೂ ಈ ವಿಮಾನ ಅವಳೂರಿನ ಬಡಗಣ ಗುಡ್ಡದ ಮೇಲೆ ಹಾದುಹೋಗುತ್ತದೆ. ಅದು ಕಂಡರೆ ಹೊಲದ ಹೆಣ್ಣಾಳುಗಳು ಕುಡುಗೋಲು ಕೆಳಗಿಡುತ್ತಾರೆ, ಅಕ್ಕ ಚಹಾಕ್ಕೆ ಇಡುತ್ತಾಳೆ. ಹತ್ತು ವರ್ಷದಿಂದ ಅವಳ ಗಡಿಯಾರ ಅದೇ. ನಾನು ಅದರಲ್ಲೇ ಹೋಗುತ್ತೇನೆಂದು ತಿಳಿದಾಗ, ಬೊಂಬಾಯಿಯಿಂದ ಏನೂ ತರಬೇಡ ಎಂದಳು.

"ನಮ್ಮೂರು ಮ್ಯಾಗಿಂದ ಹೆಂಗ ಕಾಣಸ್ತದ, ನೋಡ್ಕೊಂಡು ಬಂದು ಹೇಳು ತಮ್ಮಾ. ಅಷ್ಟಾದ್ರ ಸಾಕು ನನಗ."

ಕಿಟಕಿ ಸಿಕ್ಕಿತಲ್ಲ, ಇನ್ನು ಊರು ತಾನಾಗಿಯೇ ಕಾಣುತ್ತದೆ ಎಂದುಕೊಂಡಿದ್ದೆ.

ಮೇಲೇರಿದ ಮೇಲೆ ಲೋಕವೇ ಮರೆತುಹೋಯಿತು. ಮೋಡದ ನೆರಳುಗಳು ಹೊಲದಿಂದ ಹೊಲಕ್ಕೆ ಸದ್ದಿಲ್ಲದೆ ಸರಿಯುತ್ತಿದ್ದವು. ಕಪ್ಪು ನೆಲ ಯಾವಾಗ ಮುಗಿದು ಕೆಂಪು ನೆಲ ಯಾವಾಗ ಬಂತೋ ತಿಳಿಯಲಿಲ್ಲ. ಒಂದು ಕೆರೆ ಫಳಕ್ಕನೆ ಮಿಂಚಿ ಆರಿತು. ಎಳೆ ದಾರದಂಥ ರಸ್ತೆಯ ಮೇಲೆ ಒಂದೇ ಒಂದು ಬಸ್ಸು, ಹೋಗುತ್ತಿತ್ತೋ ನಿಂತಿತ್ತೋ. ಅದರಲ್ಲಿ ಯಾರು ಯಾವ ಮಗ್ಗಲಿಗೆ ಕೂತಿದ್ದಾರೋ ಎಂದು ನಗು ಬಂತು. ನನಗೆ ಐವತ್ತು ದಾಟಿದೆ ಎಂಬುದೂ ಆ ಹೊತ್ತಿಗೆ ನೆನಪಿರಲಿಲ್ಲ. ಎಷ್ಟು ಸುಖವಾಗಿತ್ತು!

ಚಹಾ ತಂದ ಗಗನಸಖಿಯನ್ನು ಚಿಂಚೋಳಿ ಬಂತೇ ಎಂದು ಕೇಳಿದೆ. (ಪಾಪ, ಅವಳಿಗೇನು ಗೊತ್ತು?) ಗುಲ್ಬರ್ಗಾ ಕಡೆ ಎಂದೆ. ಅದು ಎಡಕ್ಕೆ ಬರುತ್ತದೆ ಎಂದಳು.

ಎದ್ದು ಎಡಸಾಲಿಗೆ ಹೋದರೆ ಅಲ್ಲಿ ಎಲ್ಲ ಕಿಟಕಿಗೂ ಪರದೆ. ಕೇಳಿ, ಕಾದು ಕಿಟಕಿ ಹಿಡಿದ ಜನ ಪರದೆ ಎಳೆದು ಮಲಗಿದ್ದರು. ಮಲಗಲಿಕ್ಕೆ ಕಿಟಕಿ ಯಾಕೆ ಬೇಕು? ಒಬ್ಬ ಹಿರಿಯರಿಗೆ ಕೈಮುಗಿದು, ಕೆಳಗೆ ನನ್ನ ಅಕ್ಕನ ಊರಿದೆ, ಎರಡು ನಿಮಿಷ ಸರಿಸಿ ಎಂದು ಹಿಂದಿಯಲ್ಲಿ ಬೇಡಿಕೊಂಡೆ. ಬಿಸಿಲು ಬರುತ್ತದೆ ಎಂದರು. ಅವರನ್ನು ಬೈಯಲು ನನಗೆಲ್ಲಿ ಬಾಯಿ? ಕೊನೆಗೆ ಗೊಣಗುತ್ತಲೇ ಸರಿಸಿದರು. ಅಷ್ಟರಲ್ಲಿ ಗುಡ್ಡಗಳು ಮುಗಿದು ಯಾವುದೋ ಬಯಲು ಬಂದಿತ್ತು.

ಮರಳಿ ಬಂದವನು ಅಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದು ಚೆಂದದ ಸುಳ್ಳು ಹೊಸೆದಿದ್ದೆ. ಆದರೆ ಅವಳೇ ಮೊದಲು ಮಾತು ತೆಗೆದಳು. ಅವತ್ತು ಹೆಣ್ಣಾಳುಗಳನ್ನೆಲ್ಲ ಕರೆದುಕೊಂಡು ಮಾಳಿಗೆ ಹತ್ತಿದ್ದಳಂತೆ. ಅದರಾಗ ನನ್ನ ತಮ್ಮ ಇದ್ದಾನ ಎಂದು ಎಲ್ಲರಿಗೂ ತೋರಿಸಿ, ವಿಮಾನ ಮರೆಯಾಗುವ ತನಕ ಬಿಳಿ ಟವೆಲ್ ಬೀಸಿದ್ದಳಂತೆ.

ಇನ್ನು ಸುಳ್ಳು ಬಾಯಿಗೆ ಬರುವುದು ಹೇಗೆ? ನೆರಳು ನೋಡಿ ಸೀಟು ತೆಗೆದುಕೊಂಡೆ ಎಂದು ಹೇಳಿಬಿಟ್ಟೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಸಿಟ್ಟಾಗಲಿಲ್ಲ. ಆ ಕಡೆಯಾದರೂ ಏನು ಕಂಡಿತು ಎಂದು ಕೇಳಿದಳು. ಮೋಡದ ನೆರಳು, ಕೆರೆ, ಒಂಟಿ ಬಸ್ಸು, ಎಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಮೆಲ್ಲಗೆ ಅಂದಳು:

"ಹತ್ತು ವರ್ಷ ಆತು, ನಾ ದಿನಾ ಬಿಸಲಾಗ ನಿಂತು ಮ್ಯಾಲ ನೋಡ್ಲಿಕತ್ತೀನಿ. ನಿನಗ ಒಂದಿನ ಕೆಳಗ ನೋಡು ಅಂದ್ರ ಬಿಸಲು ಬಡೀತೇನು ತಮ್ಮಾ?"