ಮೆಂಬರಕ್ಕನ ತಗ್ಗಿನ ಸೇತುವೆ

ಸೇತುವೆಯ ಮೇಲೆ ವಿಮಾನ ಬರೆದದ್ದು ನನ್ನ ತಪ್ಪು. ಬರೀ ಸೇತುವೆ ಬರೆದು ಕುಂಚ ತೊಳೆದಿಟ್ಟಿದ್ದರೆ ಊರು ಅಷ್ಟು ಕೆಡುತ್ತಿರಲಿಲ್ಲ. ಆದರೆ ಡಬ್ಬಿಯಲ್ಲಿ ಬಿಳಿ ಬಣ್ಣ ಉಳಿದಿತ್ತು, ಸಾಲೆಯ ಗೋಡೆಯ ಮೇಲೆ ಜಾಗವಿತ್ತು, ಸುತ್ತ ನಿಂತು ನೋಡುವವರೂ ಇದ್ದರು. ಡ್ರಾಯಿಂಗ್ ಪರೀಕ್ಷೆಯಲ್ಲಿ ನಪಾಸಾದವನಿಗೆ ಇದಕ್ಕಿಂತ ದೊಡ್ಡ ಆಪತ್ತು ಬೇರೆ ಬೇಕಿಲ್ಲ.

ಅದು ಮಂಡಲ ಪಂಚಾಯ್ತಿಯ ಮೊದಲ ಇಲೆಕ್ಷನ್. ನವಲಗುಂದ ತಾಲೂಕಿನ ನಮ್ಮೂರಲ್ಲಿ ಹೆಂಗಸರ ಮೀಸಲು ಜಾಗಕ್ಕೆ ನಿಂತಾಕೆ ನಮ್ಮ ಓಣಿಯ ಅಕ್ಕ. ಎತ್ತರದ ಆಳು, ಮುಂಗೈ ತುಂಬ ಹಸಿರು ಹಚ್ಚೆ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಹೊರಟಳೆಂದರೆ ಎದುರು ಬಂದ ಎಮ್ಮೆಯೂ ಬಾಜು ಸರಿಯುತ್ತಿತ್ತು. ಗೆದ್ದ ಮೇಲೆ ಇಡೀ ಊರಿಗೆ ಆಕೆ ಮೆಂಬರಕ್ಕ.

ಪ್ರಚಾರಕ್ಕೆ ಆಕೆ ಹೇಳಿದ್ದು ಇಷ್ಟೇ: ‘ಹಳ್ಳಕ್ಕೆ ಸೇತುವೆ’ ಎಂದು ದೊಡ್ಡದಾಗಿ ಬರಿ. ನನಗೆ ಅಷ್ಟು ಸಾಲಲಿಲ್ಲ. ಚಹಾದಂಗಡಿಯಲ್ಲಿ ತೂಗಿದ್ದ ಕ್ಯಾಲೆಂಡರಿನಲ್ಲಿ ಯಾವುದೋ ದೊಡ್ಡ ಶಹರದ ಸೇತುವೆಯಿತ್ತು. ಸಾಲು ಕಮಾನು, ಮುಗಿಲು ಮುಟ್ಟುವ ಕಂಬ, ಉದ್ದಕ್ಕೂ ವಿದ್ಯುತ್ ದೀಪ. ಅದನ್ನೇ ಎತ್ತಿ ಗೋಡೆಗಿಳಿಸಿದೆ. ಮನೆಯೊಳಗೇ ಕರೆಂಟು ನಿಲ್ಲದ ಊರಿಗೆ ಹಳ್ಳದ ಮೇಲೆ ಝಗಝಗ ದೀಪ. ಅದರ ಮೇಲೆ ವಿಮಾನ.

ಹಳ್ಳದ ಆಚೆ ದಂಡೆಯಲ್ಲೂ ನಮ್ಮೂರಿನದೇ ಒಂದು ಓಣಿಯಿದೆ. ಮಳೆಗಾಲದಲ್ಲಿ ಆಚೀ ಓಣಿಯ ಗಂಡುಹುಡುಗರನ್ನು ಅಪ್ಪಂದಿರು ಹೆಗಲ ಮೇಲೆ ದಾಟಿಸಿ ಸಾಲೆಗೆ ಕಳಿಸುತ್ತಿದ್ದರು. ಹುಡುಗಿಯರಿಗೆ ಸಾಲೆಯನ್ನೇ ಬಿಡಿಸುತ್ತಿದ್ದರು. ಮೆಂಬರಕ್ಕನ ತವರು ಅದೇ ಓಣಿ. ನಾಲ್ಕನೇ ಇಯತ್ತೆಗೆ ಆಕೆಯ ಓದು ನಿಂತದ್ದೂ ಆ ನೀರಿನಿಂದಲೇ.

ಮೀಟಿಂಗಿಗೆ ಉಳಿದ ಮೆಂಬರ್ ಹೆಂಗಸರ ಬದಲು ಅವರ ಗಂಡಂದಿರು ಬಂದು ಕೂರುತ್ತಿದ್ದರು. ಮೆಂಬರಕ್ಕನ ಗಂಡ ಆಕೆಯನ್ನು ಬಂಡಿಯಲ್ಲಿ ಬಾಗಿಲತನಕ ಬಿಟ್ಟು, ಬಿಟ್ಟ ಬಾಣದಂತೆ ಹೊಲಕ್ಕೆ ಹೋಗುತ್ತಿದ್ದ. ಸೆಕ್ರೆಟರಿ ಠರಾವನ್ನು ಗಡಬಡಿಸಿ ಓದಿದರೆ ಆಕೆ ಕೈ ಎತ್ತಿ ನಿಲ್ಲಿಸುತ್ತಿದ್ದಳು. “ಸಾವಕಾಶ ಓದ್ರಿ ಸಾಹೇಬ್ರ. ನಾ ನಾಕನೇತ್ತಾ ಮುಗಿಸೀನಿ, ನನ್ನ ಕಿವಿ ಇನ್ನೂ ಒಂದನೇತ್ತಾದಾಗ ಐತಿ.”

ಹೀಗೆ ಓದಿಸಿ, ಕೇಳಿಸಿ, ತಾಲೂಕು ಕಚೇರಿಯ ಮೆಟ್ಟಿಲು ಸವೆಸಿ ಕೊನೆಗೂ ಸೇತುವೆ ಮಂಜೂರು ಮಾಡಿಸಿದಳು. ಆದರೆ ಬಂದದ್ದು ತಗ್ಗಿನದು. ದೊಡ್ಡ ಪೈಪುಗಳ ಮೇಲೆ ಕಾಂಕ್ರೀಟು ಹಾಸಿದ್ದು, ಹಳ್ಳ ತುಂಬಿ ಬಂದರೆ ಮುಳುಗುವಂಥದ್ದು. ಊರು ಒಪ್ಪಿ ಠರಾವು ಮಾಡದಿದ್ದರೆ ಆ ಬೇಸಿಗೆಯಲ್ಲಿ ಕೆಲಸವಿಲ್ಲ, ಮಂಜೂರಾದ ಹಣ ಬೇರೆ ಊರಿನ ಪಾಲು.

ಠರಾವಿನ ಸಭೆಯನ್ನು ಸಾಲೆಯ ಮುಂದೆ ಕರೆದರು. ಅಂದರೆ ನನ್ನ ಚಿತ್ರದ ಬುಡದಲ್ಲೇ. ಚಹಾದಂಗಡಿಯ ಕಾಕಾ ಮೊದಲು ಎದ್ದ. ಇಲೆಕ್ಷನ್ನಿನಲ್ಲಿ ಆತನ ಸೊಸೆ ಮೆಂಬರಕ್ಕನ ಎದುರು ಸೋತಿದ್ದಳು. ಗೋಡೆಗೆ ಕೈ ತೋರಿಸಿ, “ಕೊಟ್ಟ ಮಾತು ಇದು. ಈಗ ತಂದದ್ದು ಎಮ್ಮಿ ಮೈ ತೊಳಿಯೋ ಕಟ್ಟಿ. ಚಿತ್ರದಾಗ ಇದ್ದಂಗ ಕಟ್ಟಿಸ್ರಿ, ಇಲ್ಲಾಂದ್ರ ಬ್ಯಾಡ್ರಿ” ಅಂದ. ಮಂದಿ ಹೌದೌದು ಎಂದರು. ಒಬ್ಬ ದೀಪ ಎಷ್ಟು ಎಂದು ಎಣಿಸತೊಡಗಿದ.

ಪಾಪ, ತಾಲೂಕಿನಿಂದ ಸಭೆಗೆ ಬಂದಿದ್ದ ಎಳೆಯ ಇಂಜಿನಿಯರು ತಿಳಿಸಿ ಹೇಳಿದ: ಎರೆಮಣ್ಣಿನಲ್ಲಿ ಎತ್ತರದ ಸೇತುವೆಗೆ ಪಾಯ ಬಹಳ ಆಳಕ್ಕಿಳಿಯಬೇಕು, ಖರ್ಚು ಎಷ್ಟೋ ಪಟ್ಟು ಏರುತ್ತದೆ. ನನಗೆ ಆತನ ಮೇಲೆ ಕರುಣೆ ಉಕ್ಕಿತು. ಎದ್ದು ನಿಂತು, ವಿಮಾನ ಅಳಿಸಿಬಿಟ್ಟರೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ಇಂಜಿನಿಯರು ಫೈಲಿನಿಂದ ಮುಖ ಮುಚ್ಚಿಕೊಂಡ. ಆವರೆಗೆ ಸೇತುವೆಯನ್ನು ಬೈಯುತ್ತಿದ್ದ ಇಡೀ ಸಭೆ ನನ್ನತ್ತ ತಿರುಗಿತು. ಊರಿಗೆ ಮೋಸ ಮಾಡಿದವ ಇವನೇ ಎಂದು ಕಾಕಾ ನನ್ನ ಅಂಗಿ ಹಿಡಿದ.

ಮೆಂಬರಕ್ಕ ನಡುವೆ ಬಂದು ಆತನ ಕೈ ಬಿಡಿಸಿದಳು.

“ಬರಿಸಿದಾಕಿ ನಾನು. ಬರದಾಗ ನೋಡಿ ಸುಮ್ಮನಿದ್ದಾಕಿನೂ ನಾನು, ಓಟು ಬರ್ತಾವಂತ. ಎತ್ತರದ್ದು ತರಾಕ ನನ್ನ ಕೈಲಿ ಆಗಿಲ್ಲ. ಬೈಯೋದಿದ್ರ ನನಗ ಬೈರಿ, ಹುಡುಗಗ ಬ್ಯಾಡ.”

ತಪ್ಪು ತನ್ನದೆಂದು ಸಭೆಯ ಮುಂದೆ ಹೇಳುವ ಮೆಂಬರನ್ನು ನಮ್ಮೂರು ಅದೇ ಮೊದಲು ನೋಡಿದ್ದು. ಆಕೆ ಅಲ್ಲಿಗೇ ಬಿಡಲಿಲ್ಲ. ಹಿಂದೆ ಗೋಡೆಗೆ ಆತು ನಿಂತಿದ್ದ ಆಚೀ ಓಣಿಯ ಹೆಂಗಸರನ್ನು ಮುಂದೆ ಕರೆದಳು. ಮುಳುಗುವುದು ಇವರ ದಾರಿ, ಇವರನ್ನೇ ಕೇಳೋಣ ಎಂದಳು. ಅವರು ಒಬ್ಬರನ್ನೊಬ್ಬರು ದೂಡಿದರು. ಕೊನೆಗೆ ಒಬ್ಬ ಮುದುಕಿ ಬಾಯಿ ಬಿಟ್ಟಳು.

“ವರ್ಷದಾಗ ನಾಕ್ ದಿನಾ ಮುಳುಗ್ತೈತಂತ ಉಳದ ದಿನಾನೂ ಬ್ಯಾಡಂತೀರೇನ್ರಿ? ನನ್ನ ಮೊಮ್ಮಗಳು ಈ ಸಲ ಐದನೇತ್ತಾಕ್ಕ ಬಂದಾಳ್ರಿ.”

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದ. ಆಮೇಲೆ ಗಂಟಲು ಸರಿಮಾಡಿಕೊಂಡು, ಹಂಗಾದರೆ ಎರಡೂ ಅಂಚಿಗೆ ಗಿಡ್ಡ ಕಲ್ಲಾದರೂ ನಿಲ್ಲಿಸಿರಿ, ನೀರು ಮೇಲೆ ಬಂದಾಗ ಸೇತುವೆಯ ಅಂಚು ಎಲ್ಲಿ ಎಂದು ಕಾಣಲಿ ಎಂದ. ಮೆಂಬರಕ್ಕ ಆ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. “ಕಾಕಾರು ಖರೇ ಹೇಳಿದ್ರು. ಬರ್ಕೊಳ್ರಿ ಸಾಹೇಬ್ರ.” ಠರಾವು ಪಾಸಾಯಿತು. ಮರುದಿನದಿಂದ ಕಾಕಾ ತನ್ನ ಗಿರಾಕಿಗಳಿಗೆಲ್ಲ ಆ ಸೇತುವೆಯ ಡಿಸೈನು ತನ್ನದೇ ಎಂದು ಹೇಳತೊಡಗಿದ. ಮೆಂಬರಕ್ಕ ಒಮ್ಮೆಯೂ ಅಲ್ಲವೆನ್ನಲಿಲ್ಲ.

ನನ್ನನ್ನು ಆಕೆ ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಸೇತುವೆ ಮುಗಿದಾಗ ಅಂಚಿನ ಕಲ್ಲುಗಳಿಗೆ ಕರಿ ಬಿಳಿ ಪಟ್ಟೆ ಹೊಡೆಯುವ ಕೆಲಸ ಕೊಟ್ಟಳು. ಹೊಡೆದೆ. ಅರ್ಧ ಬಣ್ಣ ಕಲ್ಲಿಗೆ, ಅರ್ಧ ನನ್ನ ಪ್ಯಾಂಟಿಗೆ. ಊರಿಗೆ ಉಪಯೋಗವಾಗುವಂಥದ್ದನ್ನು ನನ್ನ ಕುಂಚ ಮಾಡಿದ್ದು ಅದೇ ಮೊದಲು. ಆಕೆಯ ಆ ಋಣ ನನ್ನ ಮೇಲೆ ಇನ್ನೂ ಇದೆ.

ಆ ವರ್ಷ ಶ್ರಾವಣದ ಮಳೆಗೆ ಹಳ್ಳ ಉಕ್ಕಿ ಸೇತುವೆ ಮುಳುಗಿತು. ಮರುದಿನ ನೀರಿಳಿಯುತ್ತಲೇ ಆಚೀ ಓಣಿಯ ಹತ್ತಾರು ಮಂದಿ ಮೊಣಕಾಲತನಕ ಕೆಸರು ಮೆತ್ತಿಕೊಂಡು ಮೆಂಬರಕ್ಕನ ಕಟ್ಟೆಗೆ ಬಂದರು. ರಾಡಿ ನಿಂತಿದೆ, ಪೈಪಿಗೆ ಮುಳ್ಳುಕಂಟಿ ಸಿಕ್ಕಿದೆ, ಇದೂ ಒಂದು ಸೇತುವೆಯೇ ಎಂದು ಬಾಯಿಗೆ ಬಂದಂತೆ ಬೈದರು. ಆಕೆ ಎಲ್ಲರಿಗೂ ಚಹಾ ಕೊಟ್ಟು, ರಾಡಿ ತೆಗೆಸುವುದಾಗಿ ಹೇಳಿ ಕಳಿಸಿದಳು. ನನಗೋ ಅಳು ಬಂದಂತಾಗಿತ್ತು. ಕಟ್ಟಿಸಿಯೂ ಬೈಸಿಕೊಂಡೆವಲ್ಲ ಅಕ್ಕಾ ಎಂದೆ.

ಆಕೆ ಚಹಾ ಕುಡಿದಿಟ್ಟ ಖಾಲಿ ಕಪ್-ಬಸಿಗಳನ್ನು ಒಂದರ ಮೇಲೊಂದು ಪೇರಿಸುತ್ತ ನಕ್ಕಳು.

“ಹುಚ್ಚಪ್ಪಾ, ಶ್ರಾವಣದಾಗ ಹಳ್ಳ ತುಂಬಿದ ಮರುದಿನಾನ ಆಚೀ ಓಣಿ ಮಂದಿ ನಮ್ಮ ಬಾಗಲಕ್ಕ ಯಾವಾಗರ ಬಂದಿದ್ರೇನಲೇ? ಬೈಲಿ ಬಿಡು. ದಾಟಿ ಬಂದು ಬೈದಾರ.”